ಪರ್ಫೆಕ್ಟ್ ಸ್ಟ್ರೇಂಜರ್ಸ್

ಇಂಗ್ಲೆಂಡಿನ ಹಾರ್ಡ್ ರಾಕ್ ವಾದ್ಯವೃಂದವಾದ ಡೀಪ್ ಪರ್ಪಲ್ 1984ರಲ್ಲಿ ಹೊರತಂದ ಆಲ್ಬಂ. ಗಾಯಕ ಇಯಾನ್ ಗಿಲನ್, ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್, ಆರ್ಗನ್ ನುಡಿಸುವ ಜಾನ್ ಲಾರ್ಡ್, ಬೇಸ್ ಗಿಟಾರಿನ ರೋಜರ್ ಗ್ಲೋವರ್, ಡ್ರಮ್ಸ್ ವಾದಕ ಇಯಾನ್ ಪೇಸ್ ಈ ಐವರು ಹನ್ನೊಂದು ವರ್ಷಗಳ ತರುವಾಯ ಪುನಃ ಒಂದುಗೂಡಿ ರಚಿಸಿದ ಕೃತಿಯಾದುದರಿಂದ ರಾಕ್ ಸಂಗೀತದ ಇತಿಹಾಸದಲ್ಲಿ ಇದಕ್ಕೆ ವಿಶಿಷ್ಟವಾದ ಸ್ಥಾನವುಂಟು.

ಈ ಐವರ ಕೂಟವು 1970ರ 'ಇನ್ ರಾಕ್', 1972ರ 'ಮಷೀನ್ ಹೆಡ್' ಮೊದಲಾದ ಆಲ್ಬಂಗಳಿಂದ ಜಗದ್ವಿಖ್ಯಾತವಾಗಿ, ಅನವರತ ಪ್ರವಾಸದ ಆಯಾಸದಿಂದಲೂ ಗಿಲನ್ ಬ್ಲ್ಯಾಕ್‌ಮೋರರ ನಡುವಣ ವೈಮನಸ್ಯದಿಂದಲೂ 1973ರಲ್ಲಿ ಒಡೆಯಿತು. ಉಳಿದವರು ಹೊಸಬರನ್ನು ಕೂಡಿಕೊಂಡು ನಡೆಸಿದ ವೃಂದವೂ 1976ರಲ್ಲಿ ಮುಗಿಯಿತು. ಅದಕ್ಕೆ ಮುನ್ನವೇ, 1975ರಲ್ಲಿ, ಹೊರನಡೆದಿದ್ದ ಬ್ಲ್ಯಾಕ್‌ಮೋರ್ ರೇನ್‌ಬೋ ಎಂಬ ತಂಡವನ್ನು ನಡೆಸಿದನು, ಗ್ಲೋವರನೂ ಕಾಲಾಂತರದಲ್ಲಿ ಅಲ್ಲಿಗೇ ಬಂದನು. ಲಾರ್ಡ್ ಮತ್ತು ಪೇಸ್ ವೈಟ್‌ಸ್ನೇಕ್ ತಂಡವನ್ನು ಸೇರಿದರು. ಗಿಲನ್ 1983ರಲ್ಲಿ ಬ್ಲ್ಯಾಕ್ ಸ್ಯಾಬತ್ ತಂಡಕ್ಕೆ ಹಾಡಿದನು. ಹೆಸರಿನ ಬೆಲೆ ಎಷ್ಟೆಂಬುದಕ್ಕೆ ಈ ಮಧ್ಯಕಾಲದ ಒಂದು ಪ್ರಸಂಗವೇ ಸಾಕ್ಷಿ. 1980ರಲ್ಲಿ ವೃಂದದ ಮೊದಲ ಗಾಯಕ ರಾಡ್ ಇವಾನ್ಸ್ ಸಂಬಂಧವೇ ಇಲ್ಲದ ವಾದ್ಯಗಾರರನ್ನು ಕಟ್ಟಿಕೊಂಡು ಡೀಪ್ ಪರ್ಪಲ್ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಸಂಗೀತ ಕಚೇರಿಗಳನ್ನು ನಡೆಸಲು, ಮೋಸಹೋದ ಶ್ರೋತೃಗಳು ಕೋಪಗೊಂಡರು. ನ್ಯಾಯಾಲಯವು 6,72,000 ಡಾಲರುಗಳ ಪರಿಹಾರವನ್ನು ವಿಧಿಸಿತು. ಜನರು ಬಯಸಿದ್ದು ಬರಿಯ ನಾಮಧೇಯವನ್ನಲ್ಲ, ಆ ಐವರನ್ನೇ ಎಂಬುದು ಇದರಿಂದ ಸ್ಪಷ್ಟವಾಯಿತೆನ್ನಬಹುದು.

ಐವರೂ ಪುನಃ ಒಂದುಗೂಡಿದ ಮೇಲೆ ಈ ಆಲ್ಬಂನ ಧ್ವನಿಮುದ್ರಣವು 1984ರ ಬೇಸಗೆಯಲ್ಲಿ ಅಮೆರಿಕದ ವರ್ಮಾಂಟ್ ಸಂಸ್ಥಾನದ ಸ್ಟೋ ಎಂಬ ಊರಿನಲ್ಲಿ, ಸಂಚಾರಿ ಮುದ್ರಣವಾಹನದ ನೆರವಿನಿಂದ ನಡೆಯಿತು. 'ಮಷೀನ್ ಹೆಡ್' ಸಹ ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಇಂತಹ ವಾಹನದಿಂದಲೇ ಮುದ್ರಿತವಾದುದು. ಗ್ರಾಮಫೋನ್ ತಟ್ಟೆಯಲ್ಲಿ ಎಂಟು ಗೀತೆಗಳಿದ್ದರೆ, ಕ್ಯಾಸೆಟ್ಟಿನಲ್ಲೂ ಸಿ.ಡಿ.ಯಲ್ಲೂ 'ನಾಟ್ ರೆಸ್ಪಾನ್ಸಿಬಲ್' ಎಂಬ ಒಂಬತ್ತನೆಯದು ಕೂಡಿಕೊಂಡಿತು.

ಯಂತ್ರನಾದದ ಸಿಂಥಸೈಜರು ಎಲ್ಲೆಡೆಯೂ ಮೆರೆಯುತ್ತಿದ್ದ ಆ ದಿನಗಳಲ್ಲಿ, ಶೀರ್ಷಿಕೆಗೀತೆಯನ್ನು ಜಾನ್ ಲಾರ್ಡನ ಹ್ಯಾಮಂಡ್ ಆರ್ಗನ್ನಿನಿಂದಲೇ ಆರಂಭಿಸಿದುದು ಈ ಕೃತಿಯ ಅತ್ಯುತ್ತಮ ನಿರ್ಧಾರ. ಗಿಟಾರಿಗೆಂದು ಮಾಡಿದ ಆಂಪ್ಲಿಫೈಯರಿಗೆ ಆರ್ಗನ್ನನ್ನು ಜೋಡಿಸಿ ಅದರಿಂದ ಗರ್ಜನೆಯನ್ನು ಹೊರಡಿಸುವ ಕ್ರಮವನ್ನು ಆತನು ಹಿಂದೆಯೇ ರೂಢಿಸಿಕೊಂಡಿದ್ದನು. ರಬಕವಿ, ಬನಹಟ್ಟಿ, ಮುಧೋಳದ ಕಡೆ ರಾತ್ರಿಯಿಡೀ ನಡೆಯುವ ಶ್ರೀಕೃಷ್ಣ ಪಾರಿಜಾತವೆಂಬ ಜಾನಪದ ನಾಟಕವನ್ನು ಕೇಳಿದವರಿಗೆ, ಪಾತ್ರಧಾರಿಯು ಬಾಯಿ ತೆರೆಯುವ ಮುನ್ನವೇ ಹಾರ್ಮೋನಿಯಂ ಪೇಟಿಯ ಸ್ವರವೊಂದು ಸಭೆಯನ್ನು ಹೇಗೆ ಹಿಡಿದುಬಿಡುತ್ತದೆಂಬುದು ತಿಳಿದೇ ಇದೆ. ಲಾರ್ಡನ ಆರ್ಗನ್ನು ಇಲ್ಲಿ ಮಾಡುವ ಕಾರ್ಯವೂ ಅದೇ. ಈ ಗೀತೆಯಲ್ಲಿ ಬ್ಲ್ಯಾಕ್‌ಮೋರನ ಗಿಟಾರಿಗೆ ಪ್ರತ್ಯೇಕವಾದ ಏಕವಾದನವೇ ಇಲ್ಲ. ವೇಗಕ್ಕೂ ಆಡಂಬರಕ್ಕೂ ಹೆಸರಾದ ವಾದಕನು ತನ್ನ ಪುನರಾಗಮನದ ಮುಖ್ಯಗೀತೆಯಲ್ಲಿಯೇ ಇಷ್ಟು ಸಂಯಮವನ್ನು ತೋರಿದುದು ಆಶ್ಚರ್ಯಕರ. ಏಳು ನಿಮಿಷಗಳ 'ನಾಕಿಂಗ್ ಅಟ್ ಯುವರ್ ಬ್ಯಾಕ್ ಡೋರ್' ಹೆಚ್ಚು ಜನಪ್ರಿಯವಾಯಿತಾದರೂ ಅದರ ಸಾಹಿತ್ಯವು ದ್ವಂದ್ವಾರ್ಥದ ಅಗ್ಗದ ವಿನೋದಕ್ಕಿಂತ ಮೇಲೇರುವುದಿಲ್ಲ. 'ವೇಸ್ಟೆಡ್ ಸನ್‌ಸೆಟ್ಸ್' ಎಂಬ ವಿಳಂಬಗತಿಯ ಗೀತೆಯು ಮಾತ್ರ ಮರೆಯತಕ್ಕದ್ದಲ್ಲ. ಉಳಿದವು ಸಾಧಾರಣ.

ಆಲ್ಬಂ ಬ್ರಿಟನ್ನಿನ ಪಟ್ಟಿಯಲ್ಲಿ 5ನೆಯ, ಅಮೆರಿಕದಲ್ಲಿ 17ನೆಯ ಸ್ಥಾನವನ್ನು ಪಡೆದು, ಅಮೆರಿಕದಲ್ಲಿ ಪ್ಲಾಟಿನಂ ಮನ್ನಣೆಗೂ ಪಾತ್ರವಾಯಿತು. 1984ರ ನವೆಂಬರಿನಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಿಂದ ವಿಶ್ವಪ್ರವಾಸವು ಪ್ರಾರಂಭವಾಯಿತು. ಆದರೆ ಹಳೆಯ ವೈಮನಸ್ಯವು ನಶಿಸಿರಲಿಲ್ಲ: 1987ರ 'ದಿ ಹೌಸ್ ಆಫ್ ಬ್ಲೂ ಲೈಟ್' ನೀರಸವಾಯಿತು, 1989ರಲ್ಲಿ ಗಿಲನನನ್ನು ಹೊರಹಾಕಿದರು, ಅವನು ಮರಳಿ ಬಂದುದರ ಹಿಂದೆಯೇ, 1993ರಲ್ಲಿ, ಬ್ಲ್ಯಾಕ್‌ಮೋರ್ ಶಾಶ್ವತವಾಗಿ ನಿರ್ಗಮಿಸಿದನು. 2001ರಲ್ಲಿ ವೃಂದವು ಬೆಂಗಳೂರಿಗೆ ಬಂದು ಅರಮನೆ ಮೈದಾನದಲ್ಲಿ ನುಡಿಸಿದಾಗ ಗಿಟಾರು ಸ್ಟೀವ್ ಮೋರ್ಸನ ಕೈಯಲ್ಲಿತ್ತು; ಆರ್ಗನ್ನಿನ ಮುಂದೆ ಇನ್ನೂ ಜಾನ್ ಲಾರ್ಡನೇ ಇದ್ದನು.