ನಾಲಿಗೆಯ ನಿಗ್ರಹ (ಕ್ರೈಸ್ತ ಧರ್ಮ)

ಸುಳ್ಳು, ಚಾಡಿ, ಶಾಪ, ಪೊಳ್ಳುಮಾತುಗಳನ್ನು ತೊರೆದು, ಆಡುವ ಮಾತನ್ನೇ ನಂಬಿಕೆಯ ಪ್ರಾಮಾಣಿಕತೆಗೆ ಒರೆಗಲ್ಲಾಗಿಸುವ ಕ್ರೈಸ್ತ ನೈತಿಕ ಸಾಧನೆ. ಇದರ ಬೇರು ಹಳೆಯ ಒಡಂಬಡಿಕೆಯ ಜ್ಞಾನೋಕ್ತಿ ಮತ್ತು ಕೀರ್ತನೆಗಳಲ್ಲಿದೆ; 141ನೇ ಕೀರ್ತನೆ ಬಾಯಿಗೆ ಕಾವಲಿಡುವಂತೆ ದೇವರನ್ನು ಬೇಡುತ್ತದೆ.

ಹೊಸ ಒಡಂಬಡಿಕೆಯಲ್ಲಿ ಈ ವಿಷಯವನ್ನು ಯಾಕೋಬನ ಪತ್ರಿಕೆಯಷ್ಟು ನಿಷ್ಠುರವಾಗಿ ಹೇಳಿದ ಬರಹ ಇನ್ನೊಂದಿಲ್ಲ. ನಾಲಿಗೆಯನ್ನು ಹಿಡಿತದಲ್ಲಿಡದವನ ಭಕ್ತಿ ವ್ಯರ್ಥವೆಂದು ಮೊದಲ ಅಧ್ಯಾಯವೇ ಸಾರುತ್ತದೆ. ಮೂರನೆಯ ಅಧ್ಯಾಯದಲ್ಲಿ ನಾಲಿಗೆಗೆ ಹೋಲಿಕೆಗಳಾಗಿ ಕುದುರೆಯ ಕಡಿವಾಣ, ಹಡಗಿನ ಚುಕ್ಕಾಣಿ, ಕಾಡನ್ನು ಸುಡುವ ಕಿಡಿ ಒಂದರ ಹಿಂದೊಂದು ಬರುತ್ತವೆ. ದೇವರನ್ನು ಕೊಂಡಾಡುವ ಬಾಯಿಂದಲೇ ದೇವರ ಹೋಲಿಕೆಯಲ್ಲಿ ಹುಟ್ಟಿದ ಮನುಷ್ಯರನ್ನು ಶಪಿಸುವುದು ಪತ್ರಿಕೆಯ ಮುಖ್ಯ ಆಕ್ಷೇಪ. ಬೋಧಕರಿಗಂತೂ ಹೆಚ್ಚು ಕಠಿಣವಾದ ತೀರ್ಪು ಕಾದಿದೆ ಎನ್ನುತ್ತದೆ.

ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳಲ್ಲಿ ಇದು ದೇಹಸಾಧನೆಯ ರೂಪ ತಳೆಯಿತು. ಮೌನ ಕಲಿಯಲೆಂದು ಅಬ್ಬಾ ಅಗಾಥಾನ್ ಮೂರು ವರ್ಷ ಬಾಯಲ್ಲಿ ಕಲ್ಲಿಟ್ಟುಕೊಂಡಿದ್ದನೆಂದು ಅವರ ಪರಂಪರೆ ಹೇಳುತ್ತದೆ. ಮಠವಾಸಿ ಸನ್ಯಾಸಿಗಳಿಗಾಗಿ ರಚಿತವಾದ 6ನೇ ಶತಮಾನದ ಬೆನೆಡಿಕ್ಟನ ನಿಯಮಾವಳಿ ಮಿತಭಾಷಣಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ರಾತ್ರಿಯ ಕೊನೆಯ ಪ್ರಾರ್ಥನೆಯ ನಂತರ ಮಾತನ್ನು ನಿಷೇಧಿಸಿತು.

ಆದರೆ ಮೌನವೊಂದೇ ಇದರ ಗುರಿಯಲ್ಲ. ಮಾರ್ಟಿನ್ ಲೂಥರ್ 1529ರ ಕಿರು ಪ್ರಶ್ನೋತ್ತರಿಯಲ್ಲಿ, ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಆಜ್ಞೆಗೆ ನೆರೆಯವರ ಪರವಾಗಿ ಮಾತಾಡುವ, ಅವರ ನಡೆಗೆ ಒಳ್ಳೆಯ ಅರ್ಥವನ್ನೇ ಹಚ್ಚುವ ಹೊಣೆಯನ್ನೂ ಸೇರಿಸಿದ. ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ ಎಂಬ ಯೇಸುವಿನ ಬೋಧನೆಯನ್ನು ಅಕ್ಷರಶಃ ಪಾಲಿಸಿದ ಇಂಗ್ಲೆಂಡಿನ ಕ್ವೇಕರ್ ಪಂಥದ ಕ್ರೈಸ್ತರು ನ್ಯಾಯಾಲಯದಲ್ಲೂ ಆಣೆಯಿಡಲು ಒಪ್ಪದೆ ಸೆರೆಮನೆ ಸೇರಿದರು. 1696ರಲ್ಲಿ ಅಲ್ಲಿನ ಸಂಸತ್ತು ಆಣೆಯ ಬದಲು ಗಂಭೀರ ದೃಢೀಕರಣಕ್ಕೆ ಅವರಿಗೆ ಅವಕಾಶ ನೀಡಿತು; ಕ್ರಿಮಿನಲ್ ಮೊಕದ್ದಮೆಗಳ ಸಾಕ್ಷ್ಯಕ್ಕೆ ಅದು ಅನ್ವಯಿಸಲಿಲ್ಲ.