ಯಾವ ಸೈಕಲ್ಲಿಗಾದರೂ ಕೂರುವ ಸೀಟು

ಹೈದರಾಬಾದಿನ ಕುಷಾಯಿಗೂಡ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರಬಹುದು. ಇ.ಸಿ.ಐ.ಎಲ್. ಕಾರ್ಖಾನೆಯ ಆಸುಪಾಸಿನ ಕೈಗಾರಿಕಾ ಪ್ರದೇಶ. ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಕೆಲಸ ಹುಡುಕಿಕೊಂಡು ಆ ಕಡೆ ಹೋಗುವ ರೂಢಿ ನಮ್ಮವರಿಗೆ ಇನ್ನೂ ತಪ್ಪಿಲ್ಲ. ಇಂಥ ಕಡೆ ಚಿಕ್ಕ ಶೆಡ್ಡಿನಲ್ಲಿ ಲೇತ್ ಮೇಲೆ ಬುಷ್ ತಿರುಗಿಸುವವನಿಗೆ ಅದು ಯಾವ ಯಂತ್ರಕ್ಕೆ ಹೋಗುತ್ತದೆ ಅಂತ ಗೊತ್ತಿರಲೇಬೇಕೆಂದಿಲ್ಲ. ಡ್ರಾಯಿಂಗ್‌ನಲ್ಲಿ ಬರೆದ ಅಳತೆಗೆ ಬಂದರೆ ಸಾಕು, ಎಲ್ಲೋ ಇನ್ನೊಬ್ಬ ಮಾಡಿದ ಭಾಗಕ್ಕೆ ಅದು ಕೂರುತ್ತದೆ.

ಈ ‘ಸಾಕು’ ಅನ್ನುವ ಮಾತು ಸುಲಭಕ್ಕೆ ಬಂದದ್ದಲ್ಲ. ಅದರ ಚರಿತ್ರೆ ತಿಳಿಯಲು ನಿಮ್ಮ ಬೀದಿಯ ಸೈಕಲ್ ಶಾಪ್‌ಗಿಂತ ಒಳ್ಳೆಯ ಜಾಗ ಇಲ್ಲ.

ಇದರ ಮೂಲ ಇರುವುದು ಬಂದೂಕಿನಲ್ಲಿ. 1785ರಲ್ಲಿ ಫ್ರಾನ್ಸಿನ ಹೊನೊರೆ ಬ್ಲಾಂಕ್ ಎಂಬ ಬಂದೂಕು ತಯಾರಕ, ಬಿಚ್ಚಿಟ್ಟ ಹಲವು ಬಂದೂಕುಗಳ ಬಿಡಿಭಾಗಗಳನ್ನು ಥಾಮಸ್ ಜೆಫರ್ಸನ್ ಮುಂದಿಟ್ಟ. ಜೆಫರ್ಸನ್ ಕೈಗೆ ಸಿಕ್ಕಿದ್ದನ್ನೆಲ್ಲ ಆರಿಸಿ ಜೋಡಿಸಿದರೂ ಸರಿಯಾಗಿ ಕೂತವು. ಯುದ್ಧಭೂಮಿಯಲ್ಲಿ ಕೆಟ್ಟ ಬಂದೂಕನ್ನು ಅಲ್ಲೇ ರಿಪೇರಿ ಮಾಡಬಹುದೆಂಬುದು ಲೆಕ್ಕ. ಮುಂದೆ 1861ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಬಂದೂಕು ಕೆಲಸಗಾರರು ಸೇರಿ, ಯಂತ್ರದಿಂದ ಬಂದೂಕು ಮಾಡುವ ಕಂಪನಿ ಕಟ್ಟಿದರು: ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. ನಮಗೆಲ್ಲ ಗೊತ್ತಿರುವ ಬಿ.ಎಸ್.ಎ. ಇದೇ! ಬಂದೂಕಿನ ಆರ್ಡರ್ ಕಡಿಮೆಯಾದಾಗ ಇವರು ಸೈಕಲ್ಲಿನ ಕಡೆ ತಿರುಗಿದರು. ಇಡೀ ಸೈಕಲ್ ಮಾರುವುದಷ್ಟೇ ಅಲ್ಲ, ಬಿಡಿಭಾಗಗಳ ಸೆಟ್ಟನ್ನು ಬೇರೆ ತಯಾರಕರಿಗೂ ಮಾರಿದರು. ಕೊಲ್ಲುವ ವಸ್ತುವಿಗೆಂದು ಕಲಿತ ವಿದ್ಯೆ ಬಡವನ ಗಾಡಿಗೆ ಬಂತು.

20ನೇ ಶತಮಾನದ ಆರಂಭಕ್ಕೆ ಬ್ರಿಟನ್ನಿನ ಸೈಕಲ್ ಎಂಜಿನಿಯರುಗಳ ಸಂಸ್ಥೆ ಥ್ರೆಡ್‌ಗಳಿಗೆ ಒಂದು ಅಳತೆ ಗೊತ್ತುಮಾಡಿತು. ಪೆಡಲ್ ತುಳಿಯುವಲ್ಲಿರುವ ಬಿಬಿ ಕಪ್ಪಿಗೆ ಇಂಚಿಗೆ 24 ಥ್ರೆಡ್. ಎಲ್ಲರೂ ಒಪ್ಪಿದರೆಂದುಕೊಳ್ಳಬೇಡಿ. ರ್‍ಯಾಲಿ ಕಂಪನಿ ತನ್ನದೇ 26 ಥ್ರೆಡ್ ಇಟ್ಟುಕೊಂಡಿತು. ರ್‍ಯಾಲಿ ಕೊಂಡವನು ಕಪ್ ಸವೆದಾಗ ರ್‍ಯಾಲಿ ಬಿಡಿಭಾಗವನ್ನೇ ಹುಡುಕಬೇಕು. ದೊಡ್ಡವರಿಗೆ ಬೇರೆ ಅಳತೆ ಲಾಭ, ಚಿಕ್ಕವರಿಗೆ ಒಂದೇ ಅಳತೆ ಲಾಭ. ನನ್ನ ಪ್ರಕಾರ ಈ ಜಗಳ ಇವತ್ತಿಗೂ ಮುಗಿದಿಲ್ಲ.

ನಮ್ಮ ದೇಶದಲ್ಲಿ 1949ರಲ್ಲಿ ಮದ್ರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್‌ನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ ಬಂದವು. ಹೆಸರು ಬೇರೆ ಬೇರೆ, ಆದರೆ ಕಪ್ಪು ಬಣ್ಣದ ದೊಡ್ಡ ಸೈಕಲ್ ಹೆಚ್ಚುಕಡಿಮೆ ಒಂದೇ: 28 ಇಂಚಿನ ಗಾಲಿ, ಮುಂದೆ 32 ಕಡ್ಡಿ, ಹಿಂದೆ 40 ಕಡ್ಡಿ, ಅರ್ಧ ಇಂಚು ಪಿಚ್ಚಿನ ಚೈನ್. ಎಡ ಪೆಡಲ್ಲಿನ ಥ್ರೆಡ್ ಉಲ್ಟಾ. ತುಳಿಯುವಾಗ ತಾನೇ ಸಡಿಲವಾಗದಿರಲಿ ಅಂತ ಹಾಗೆ. ಅದು ಗೊತ್ತಿಲ್ಲದೆ ಬಿಚ್ಚಲು ಹೋಗಿ ಇನ್ನಷ್ಟು ಬಿಗಿ ಮಾಡಿದವರು ನಿಮ್ಮಲ್ಲೂ ಇರಬಹುದು.

ನಮ್ಮ ಎಷ್ಟೋ ಊರುಗಳಲ್ಲಿ ಸೈಕಲ್ ಶಾಪ್ ಅಂದರೆ ಸಾಬರ ಅಂಗಡಿ ಅನ್ನುವ ಮಾತಿತ್ತು. ಇದಕ್ಕೆ ದೊಡ್ಡ ದೊಡ್ಡ ಕಾರಣ ಹೇಳುವವರು ಒಂದು ಚಿಕ್ಕ ಕಾರಣ ಬಿಡುತ್ತಾರೆ. ಅದು ಬಂಡವಾಳ. ಹತ್ತು ಕಂಪನಿಗೆ ಹತ್ತು ಅಳತೆ ಇದ್ದಿದ್ದರೆ ಮೇಸ್ತ್ರಿ ಹತ್ತು ಪಟ್ಟು ಸಾಮಾನು ಇಡಬೇಕಿತ್ತು. ಒಂದೇ ಅಳತೆ ಇದ್ದದ್ದರಿಂದ ಒಂದು ಪಂಪು, ನಾಲ್ಕು ಸ್ಪ್ಯಾನರ್, ಒಂದು ಡಬ್ಬಿ ಬಾಲ್ಸ್, ಒಂದಿಷ್ಟು ಕಾಟರ್ ಪಿನ್ನು, ವಾಲ್ ಟ್ಯೂಬು ಇದ್ದರೆ ಮರದ ನೆರಳಲ್ಲೂ ಅಂಗಡಿ ನಡೆಯಿತು. ಓದಲು ಶಾಲೆಗೆ ಹೋಗದವನೂ ಉಸ್ತಾದನಾದ.

ಇನ್ನೊಂದು ಕಡೆಯಿಂದ ನೋಡಿ. ಕರೀಂ ದೀನ್ ಎಂಬವರು ಸೈಕಲ್ ಸೀಟುಗಳನ್ನು ಮಾಡುತ್ತಿದ್ದರು. ಇಡೀ ಸೈಕಲ್ ಮಾಡದೆ ಬರೀ ಸೀಟು ಮಾಡಿ ಬದುಕಲು ಸಾಧ್ಯವಾದದ್ದು, ಸೀಟು ಕೂರುವ ಕಂಬಿಯ ಅಳತೆ ಒಂದೇ ಆಗಿದ್ದರಿಂದ. ತಮ್ಮ ಸೀಟಿಗೆ ಅವರು ಇಟ್ಟಿದ್ದ ಹೆಸರು ‘ಹೀರೋ’. ದೇಶವಿಭಜನೆಯಾದಾಗ ಅವರು ಪಾಕಿಸ್ತಾನಕ್ಕೆ ಹೊರಟರು. ಹೊರಡುವ ಮುನ್ನ ಗೆಳೆಯ ಓಂ ಪ್ರಕಾಶ್ ಮುಂಜಾಲ್ ‘ಆ ಹೆಸರನ್ನು ನಾವು ಬಳಸಿಕೊಳ್ಳಲೇ?’ ಅಂತ ಕೇಳಿದರು, ಇವರು ತಲೆಯಾಡಿಸಿದರು. ಇದನ್ನು ಹೇಳಿರುವುದು ಮುಂಜಾಲ್ ಕುಟುಂಬದವರೇ. ಮುಂಜಾಲ್ ಸೋದರರೂ ಆಗ ಬಿಡಿಭಾಗಗಳ ವ್ಯಾಪಾರಿಗಳು. ಸ್ವತಃ ಕಮಾಲಿಯಾದಿಂದ ಈ ಕಡೆ ಬಂದವರು. 1986ರ ಹೊತ್ತಿಗೆ ಹೀರೋ ಜಗತ್ತಿನ ಅತಿ ದೊಡ್ಡ ಸೈಕಲ್ ತಯಾರಕನೆಂದು ಗಿನ್ನೆಸ್ ಪುಸ್ತಕ ಸೇರಿತು. ನಾವು ತುಳಿದ ಸೈಕಲ್ಲಿನ ಮೇಲೆ ಇದ್ದದ್ದು ಗಡಿ ದಾಟಿ ಹೋದ ಒಬ್ಬ ಸೀಟು ಮಾಡುವವರ ಗುರುತು.

ಈಗಿನ ಸೈಕಲ್ಲುಗಳಲ್ಲಿ ಡಿಸ್ಕ್ ಬ್ರೇಕು, ಗೇರು, ಬ್ಯಾಟರಿ. ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಕೂರುವುದು ಅಪರೂಪ. ಮರದ ಕೆಳಗಿನ ಮೇಸ್ತ್ರಿ ‘ಇದು ನನ್ನಿಂದ ಆಗಲ್ಲ, ಶೋರೂಮಿಗೆ ಹೋಗಿ’ ಅಂತ ಕೈಯಾಡಿಸುತ್ತಾನೆ. ದುಬಾರಿ ಸೈಕಲ್ಲುಗಳ ಬಿಬಿಯಲ್ಲಿ ಥ್ರೆಡ್ಡೇ ಬೇಡವೆಂದು ಒತ್ತಿ ಕೂರಿಸುವ ಕಪ್ಪುಗಳನ್ನೂ ತಂದರು, ಅದರಲ್ಲೂ ಹಲವು ಅಳತೆ. ಅವು ಕಿರ್‍ರ್ ಅನ್ನುತ್ತವೆಂದು ದೂರು ಬಂದ ಮೇಲೆ ಕೆಲವು ಕಂಪನಿಗಳು ಮತ್ತೆ ಇಂಚಿಗೆ 24 ಥ್ರೆಡ್ಡಿನ ಹಳೆಯ ಕಪ್ಪಿಗೇ ಮರಳಿವೆ. ಲಕ್ಷಗಟ್ಟಲೆ ಬೆಲೆಯ ಸೈಕಲ್ಲಿನ ವಿವರಪಟ್ಟಿಯಲ್ಲಿ ಆ ಥ್ರೆಡ್ಡಿನ ಹೆಸರು ಈಗಲೂ ‘ಬಿ.ಎಸ್.ಎ.’ ಎಂದೇ ಇದೆ.