ಮಸ್ತಿಷ್ಕಚಿತ್ರಣವೂ ವಿದ್ವತ್ಸಭೆಯೂ

ಶಾಸ್ತ್ರವು ಗ್ರಂಥಮಾತ್ರದಿಂದ ನಿಲ್ಲದು. ಗುರುಸನ್ನಿಧಿಯ ಅಭ್ಯಾಸವೂ ಪರೀಕ್ಷಿಸುವ ಸಭೆಯೂ ಅದಕ್ಕೆ ಬೇಕು. ಈ ತತ್ತ್ವವು ವಿಜಯಪುರ ಸೀಮೆಗೆ ಹೊಸದಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಸಾಲೋಟಗಿಯಲ್ಲಿ ಕಟ್ಟಿಸಿದ ವಿದ್ಯಾಶಾಲೆಗೆ ನಾನಾ ದೇಶಗಳ ಶಿಷ್ಯರು ಬರುತ್ತಿದ್ದರೆಂದೂ, ಅವರ ವಾಸಕ್ಕೆ 27 ಮನೆಗಳಿದ್ದುವೆಂದೂ ಕ್ರಿ. ಶ. 945ರ ಶಾಸನದಿಂದ ತಿಳಿದುಬರುತ್ತದೆ.

ಮಸ್ತಿಷ್ಕಚಿತ್ರಣವೆಂಬ ನೂತನ ವಿದ್ಯೆಯಲ್ಲಿಯೂ ಇದೇ ಕ್ರಮವು ಕಾಣುತ್ತದೆ. ರಕ್ತದ ಆಮ್ಲಜನಕದ ವ್ಯತ್ಯಾಸವು ಎಂ.ಆರ್.ಐ. ಚಿತ್ರದಲ್ಲಿ ತೋರುವುದೆಂದು ಒಗಾವ ಮತ್ತು ಅವರ ಸಂಗಡಿಗರು 1990ರಲ್ಲಿ ಪ್ರಕಟಿಸಿದರು. ಮೆದುಳಿನ ವ್ಯಾಪಾರಗಳ ನಕ್ಷೆಯನ್ನು ಕುರಿತ ಪ್ರಥಮ ಅಂತರರಾಷ್ಟ್ರೀಯ ಸಮ್ಮೇಳನವು 1995ರಲ್ಲಿ ಪ್ಯಾರಿಸ್ಸಿನಲ್ಲಿ ನೆರೆಯಿತು.

ಇಂಥ ಸಭೆಗಳ ಪ್ರಯೋಜನವು 2009ರ ಸ್ಯಾನ್ ಫ್ರಾನ್ಸಿಸ್ಕೋ ಸಮ್ಮೇಳನದಿಂದ ಸ್ಪಷ್ಟವಾಗುವುದು. ಕ್ರೇಗ್ ಬೆನೆಟ್ ಮೊದಲಾದವರು ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಭಾವಚಿತ್ರಗಳನ್ನು ತೋರಿಸಿದ್ದರು. ಸಹಸ್ರಾರು ಬಿಂದುಗಳನ್ನು ಒಮ್ಮೆಗೇ ಪರೀಕ್ಷಿಸುವಾಗ ಮಾಡಬೇಕಾದ ತಿದ್ದುಪಡಿಯನ್ನು ಗಣಿತದಲ್ಲಿ ಕೈಬಿಟ್ಟೊಡನೆ ಮೃತ ಮೀನಿನ ಮೆದುಳೂ ಆಲೋಚಿಸುವಂತೆ ಕಂಡಿತು! ತಿದ್ದಿದೊಡನೆ ಆ ಚಿಹ್ನೆಗಳು ಅಡಗಿದುವು.

ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ, ಈ ಚಿತ್ರವು ಪ್ರತ್ಯಕ್ಷದಂತೆ ತೋರಿದರೂ ವಸ್ತುತಃ ಅನುಮಾನವೇ ಸರಿ. ಮೀನಿನ ದೃಷ್ಟಾಂತವು ಹೇತ್ವಾಭಾಸ. ಹೇತುವನ್ನು ಶೋಧಿಸುವ ಬಗೆಯನ್ನು ಯಂತ್ರವು ಕಲಿಸಲಾರದು. ಶಿಬಿರವು ಕಲಿಸುತ್ತದೆ, ಸಭೆಯು ಒರೆಹಚ್ಚುತ್ತದೆ.

1910ರಲ್ಲಿ ಆರಂಭವಾದ ಬಿ.ಎಲ್.ಡಿ.ಇ. ಸಂಸ್ಥೆಯು ವಿಜಯಪುರದಲ್ಲಿ 1986ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. ಸಂಶೋಧಕನ ಇಂದಿನ ಅನುಮಾನವು ನಾಳೆ ಚಿಕಿತ್ಸೆಗೆ ಆಧಾರವಾಗುವುದರಿಂದ, ತಿಕೋಟಾ ಬಬಲೇಶ್ವರಗಳಿಂದ ನಗರಕ್ಕೆ ಬರುವ ರೋಗಿಗೂ ಆ ದೂರದ ಸಭೆಗಳ ಫಲವು ಸಲ್ಲತಕ್ಕದ್ದು. ಸಾಲೋಟಗಿಯ ಆದರ್ಶವು ಇಲ್ಲಿ ಸ್ಮರಣೀಯ.